ಕಡಲೆಬೀಜದ ಮೇಲೆ ಬಂದ ಅಪವಾದ: ಮಂಡ್ಯದ ಒಂದು ಮಗುವಿನ ಅಲರ್ಜಿ ಪ್ರಕರಣ

ಮಂಡ್ಯ ಪಟ್ಟಣದ ಒಂದು ಮನೆ. ಅಪ್ಪ, ಅಮ್ಮ, ಅಜ್ಜಿ, ತಾತ, ಒಂದು ಹೆಣ್ಣುಮಗು. ಅವರು ನನ್ನ ಹತ್ತಿರ ಬಂದಾಗ ಮಗುವಿಗೆ ಆಗಷ್ಟೇ ವರ್ಷ ತುಂಬಿತ್ತು. ನಾನು ಮೈಸೂರಿನಲ್ಲಿ ಚಿಕ್ಕ ಮಕ್ಕಳ ಆಹಾರದ ಬಗ್ಗೆ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಸಾಮಾನ್ಯವಾಗಿ ಅಲರ್ಜಿ ಏನು ಅಂತ ವೈದ್ಯರು ಪತ್ತೆ ಮಾಡಿ ಆದ ಮೇಲೆ, ಅಡುಗೆಮನೆಯಲ್ಲಿ ಏನು ಬದಲಾಗಬೇಕು ಅಂತ ಹೇಳೋದು ನನ್ನ ಪಾಲಿನ ಕೆಲಸ. ಇವರು ಉಲ್ಟಾ ದಾರಿಯಲ್ಲಿ ಬಂದರು. ಮಗುವಿನ ತೂಕ ಏರುತ್ತಿಲ್ಲ, ಕೊಡೋಕೆ ಏನೂ ಉಳಿದಿಲ್ಲ, ಏನು ಮಾಡೋಣ ಅನ್ನೋದು ಅವರ ಪ್ರಶ್ನೆ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ತಾಯಿ ಒಂದು ಪಟ್ಟಿ ತಂದಿದ್ದರು. ಫ್ರಿಜ್ ಬಾಗಿಲಿಗೆ ಅಂಟಿಸಿದ್ದನ್ನೇ ಕಿತ್ತು ತಂದಿದ್ದರು, ಮೂಲೆಯಲ್ಲಿ ಟೇಪು ಹಾಗೇ ಇತ್ತು. ಮೇಲೆ 'ಕೊಡಬಾರದು' ಅಂತ ಬರೆದು ಎರಡು ಗೆರೆ ಎಳೆದಿದ್ದರು. ಹಾಲು, ಮೊಸರು, ತುಪ್ಪ, ಗೋಧಿ, ರವೆ, ಕಡಲೆಬೀಜ, ಬಾದಾಮಿ, ಗೋಡಂಬಿ, ಮೊಟ್ಟೆ. ಕೊನೆಗೆ ಬೇರೆ ಪೆನ್ನಿನಲ್ಲಿ ಹುಣಸೆಹಣ್ಣು. ಮಗು ತಿನ್ನುತ್ತಿದ್ದುದು ನೀರಲ್ಲಿ ಕಾಯಿಸಿದ ರಾಗಿ ಗಂಜಿ, ಅನ್ನ, ಬೇಯಿಸಿದ ಕ್ಯಾರೆಟ್, ಬಾಳೆಹಣ್ಣು, ಜೊತೆಗೆ ತಾಯಿಯ ಹಾಲು. ಹತ್ತು ತಿಂಗಳಲ್ಲಿ 8.2 ಕಿಲೋ ಇದ್ದ ತೂಕ ವರ್ಷದ ಹೊತ್ತಿಗೆ 8.1. ತಾಯಿ ತಾವೂ ಹಾಲು, ಮೊಸರು, ಕಡಲೆಬೀಜ ಬಿಟ್ಟಿದ್ದರು. ಮಗುವಿಗಿಂತ ಅವರೇ ಸೊರಗಿದ ಹಾಗೆ ಕಂಡರು.

ಯಾರು ಬಿಡಿಸಿದ್ದು ಅಂತ ಕೇಳಿದೆ. ಸ್ವಲ್ಪ ಲ್ಯಾಬ್ ವರದಿ, ಸ್ವಲ್ಪ ಮೊಬೈಲ್, ಸ್ವಲ್ಪ ನೆಂಟರು.

ಸಂಕ್ರಾಂತಿಯ ಸಂಜೆ

ಶುರುವಾದದ್ದು ಜನವರಿಯಲ್ಲಿ. ಮಗುವಿಗೆ ಮೊದಲ ಸಂಕ್ರಾಂತಿ. ಸಂಜೆ ಮಣೆ ಮೇಲೆ ಕೂರಿಸಿ, ಆರತಿ ಮಾಡಿ, ತಲೆ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆದರು. ಎಳ್ಳು ಬೀರೋಕೆ ಅಕ್ಕಪಕ್ಕದವರು ಬಂದು ಹೋಗುತ್ತಿದ್ದರು. ಮಗುವಿಗೂ ಬಾಯಿ ಸಿಹಿ ಮಾಡೋಣ ಅಂತ ಅಜ್ಜಿ ಒಂದು ಚಿಟಿಕೆ ಎಳ್ಳು-ಬೆಲ್ಲ ತೆಗೆದುಕೊಂಡರು. ಹಾಗೇ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಎಲೆ-ಅಡಿಕೆ ಕುಟ್ಟುವ ಪುಟ್ಟ ಕುಟ್ಟಾಣಿಯನ್ನು ತೊಳೆದು, ಅದರಲ್ಲಿ ನುಣ್ಣಗೆ ಕುಟ್ಟಿ, ಬೆರಳ ತುದಿಯಲ್ಲಿ ನಾಲಿಗೆಗೆ ಹಚ್ಚಿದರು. ಕಾಳು, ಬೀಜಗಳನ್ನು ಇಡಿಯಾಗಿ ಕೊಡದೆ ಇದ್ದದ್ದು ಸರಿಯಾದ ಕೆಲಸ. ಆದರೆ ಕುಟ್ಟಿದ್ದು ಇಲ್ಲಿ ಇನ್ನೊಂದು ಕಾರಣಕ್ಕೆ ಮುಖ್ಯ, ಅದನ್ನು ಮುಂದೆ ಹೇಳುತ್ತೇನೆ.

ಹತ್ತು ನಿಮಿಷ ಆಗಿರಲಿಲ್ಲ. ಬಾಯಿ ಸುತ್ತ ಕೆಂಪಾಯಿತು. ಆಮೇಲೆ ಎದೆ, ಬೆನ್ನು, ತೊಡೆ ಮೇಲೆಲ್ಲ ದದ್ದು ಎದ್ದವು. ಒಂದು ಕಣ್ಣಿನ ರೆಪ್ಪೆ ಊದಿಕೊಂಡಿತು. ಮಗು ಒಂದರ ಹಿಂದೆ ಒಂದು ಮೂರು ಸಲ ವಾಂತಿ ಮಾಡಿತು. ಪಿತ್ತದ ಗಂಧೆ ಅಂತ ಒಬ್ಬರು ದೊಡ್ಡಪತ್ರೆ ತಂದು ಉಜ್ಜಿದರು. ಅಷ್ಟು ಜನರ ಕಣ್ಣು ಬಿದ್ದಿದೆ ಅಂತ ಇನ್ನೊಬ್ಬರು ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. ವಾಂತಿ ನೋಡಿ ಅಜ್ಜಿಗೆ ಸಮಾಧಾನವೇ ಆಯಿತಂತೆ. "ಬುಡವ್ವ, ಎಲ್ಲಾ ಆಚ್ಗೆ ಬಂತಲ್ಲ, ಇನ್ನೇನೂ ಆಗಕಿಲ್ಲ" ಅಂದರಂತೆ.

ಈ ಮಾತನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕೇಳಿದ್ದೇನೆ. ತಿಂದದ್ದು ಹೊರಗೆ ಬಂದರೆ ಕಷ್ಟ ಕಳೆಯಿತು ಅನ್ನೋ ಲೆಕ್ಕ. ಅಲರ್ಜಿಯಲ್ಲಿ ಈ ಲೆಕ್ಕ ನಡೆಯೋದಿಲ್ಲ. ಮೈಮೇಲೆ ದದ್ದು ಎದ್ದಿದೆ, ಜೊತೆಗೆ ಮತ್ತೆ ಮತ್ತೆ ವಾಂತಿ ಆಗುತ್ತಿದೆ ಅಂದರೆ ಚರ್ಮ, ಹೊಟ್ಟೆ ಎರಡೂ ಒಟ್ಟಿಗೆ ಕೆರಳಿವೆ ಅಂತ ಅರ್ಥ. ಅದನ್ನು ವೈದ್ಯರು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರಬಹುದಾದ ತೀವ್ರ ಅಲರ್ಜಿ, ಅಂತಲೇ ಲೆಕ್ಕ ಹಾಕುತ್ತಾರೆ. ಉಸಿರು ಕಟ್ಟಿದರೆ ಮಾತ್ರ ಅನಾಫಿಲಾಕ್ಸಿಸ್ ಅನ್ನೋದು ಜನರ ತಿಳುವಳಿಕೆ, ಕೆಲವು ಸಲ ಕ್ಲಿನಿಕ್‌ಗಳದ್ದೂ ಅದೇ. ಆ ರಾತ್ರಿ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಅಲರ್ಜಿ ಸಿರಪ್ ಕೊಟ್ಟು ಮನೆಗೆ ಕಳಿಸಿದರು. ದದ್ದು ಇಳಿಯಿತು, ಮಗು ಮಲಗಿತು. ಅದೃಷ್ಟ ಚೆನ್ನಾಗಿತ್ತು ಅಂತಲೇ ಹೇಳಬೇಕು. ಸಿರಪ್ ತುರಿಕೆ ಇಳಿಸುತ್ತೆ, ಅನಾಫಿಲಾಕ್ಸಿಸ್ ನಿಲ್ಲಿಸೋದಿಲ್ಲ. ಅದಕ್ಕೆ ಇರುವ ಮದ್ದು ಅಡ್ರಿನಲಿನ್ ಅನ್ನೋ ಚುಚ್ಚುಮದ್ದು ಒಂದೇ. ಒಮ್ಮೆ ಇಳಿದ ಲಕ್ಷಣಗಳು ಕೆಲವು ಗಂಟೆ ಬಿಟ್ಟು ಮತ್ತೆ ಏಳಬಹುದು, ಹಾಗಾಗಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಬೇಕು.

ತಪ್ಪು ಆರೋಪಿ

ಮರುದಿನವೇ ಮನೆಯಲ್ಲಿ ತೀರ್ಮಾನ ಆಗಿಹೋಯಿತು. ಎಳ್ಳು-ಬೆಲ್ಲದಲ್ಲಿ ಇರೋದು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ಮೊಬೈಲ್‌ನಲ್ಲಿ ಹುಡುಕಿದರೆ ಎಲ್ಲ ಕಡೆ ಕಡಲೆಬೀಜದ ಹೆಸರೇ. ಸರಿ, ಕಡಲೆಬೀಜ ಬಂದ್. ಒಬ್ಬ ನೆಂಟರಿಗೆ ಸಕ್ಕರೆ ಅಚ್ಚಿನ ಬಣ್ಣದ ಮೇಲೂ ಅನುಮಾನ ಇತ್ತು. ಮಗು ಅಚ್ಚನ್ನು ಮುಟ್ಟಿರಲೇ ಇಲ್ಲ.

ಆಮೇಲೆ ಲ್ಯಾಬಿನಲ್ಲಿ ರಕ್ತ ಕೊಟ್ಟು 'ಫುಡ್ ಅಲರ್ಜಿ ಪ್ಯಾನೆಲ್' ಮಾಡಿಸಿದರು. ಯಾವ ವೈದ್ಯರೂ ಬರೆದುಕೊಟ್ಟಿರಲಿಲ್ಲ. ವರದಿಯಲ್ಲಿ ಹಾಲು, ಗೋಧಿ, ಕಡಲೆಬೀಜ ಮೂರೂ ಕೆಂಪಕ್ಷರದಲ್ಲಿ ಬಂದವು. ಅಂಕಿಗಳು ಸಣ್ಣವು. 0.35 ದಾಟಿದರೆ ಪಾಸಿಟಿವ್ ಅಂತ ಅಚ್ಚು ಹಾಕುತ್ತಾರೆ, ಇವು ಅದರ ಆಸುಪಾಸಿನಲ್ಲೇ ಇದ್ದವು. ಆದರೆ ಕೆಂಪಕ್ಷರ ನೋಡಿದ ಮೇಲೆ ಅಂಕಿ ಯಾರು ಓದುತ್ತಾರೆ? ಹಾಲು, ಗೋಧಿ ನಿಂತವು. ಬಾದಾಮಿ, ಗೋಡಂಬಿ ಕಡಲೆಬೀಜದ ಜೊತೆಗಾರರು ಅಂತ ನಿಂತವು. ಮೊಟ್ಟೆ ಸುಮ್ನೆ ಭಯಕ್ಕೆ ನಿಂತಿತು.

ಆ ರಕ್ತ ಪರೀಕ್ಷೆ ಹುಡುಕೋದು ಐಜಿಇ ಅನ್ನೋ ಪ್ರತಿಕಾಯವನ್ನು. ಅದು ರಕ್ತದಲ್ಲಿ ಇದೆ ಅಂದ ಮಾತ್ರಕ್ಕೆ ಅಲರ್ಜಿ ಇದೆ ಅಂತ ಆಗೋದಿಲ್ಲ. ಎಸ್ಜಿಮಾ (ಚರ್ಮ ಒಣಗಿ, ಕೆಂಪಾಗಿ ಕೆರೆತ ಬರುವ ಕಾಯಿಲೆ) ಇರುವ ಮಕ್ಕಳಲ್ಲಂತೂ ಚೆನ್ನಾಗಿ ತಿಂದು ಅರಗಿಸಿಕೊಳ್ಳುವ ಆಹಾರಕ್ಕೂ ಸ್ವಲ್ಪ ಐಜಿಇ ಸಿಗೋದು ಮಾಮೂಲು. ಈ ಮಗುವಿಗೂ ಎಸ್ಜಿಮಾ ಇತ್ತು. ಮೂರು ತಿಂಗಳಿಂದಲೇ ಕೆನ್ನೆ, ಮೊಣಕೈ ಸಂದು, ಮಂಡಿ ಹಿಂದೆ ಒರಟಾಗಿ, ಕೆರೆದು ಕೆರೆದು ಕೆಂಪಾಗಿತ್ತು. ಅದನ್ನು ಮನೆಯವರು ಒಣಚರ್ಮ ಅಂದುಕೊಂಡಿದ್ದರು. ಹತ್ತಾರು ಆಹಾರಕ್ಕೆ ಒಟ್ಟಿಗೆ ಮಾಡುವ ಈ ಪ್ಯಾನೆಲ್‌ಗಳ ಬಗ್ಗೆ ನನಗೆ ಮೊದಲಿಂದಲೂ ತಕರಾರಿದೆ. ಏನು ತಿಂದಾಗ ಏನಾಯಿತು ಅಂತ ಕೇಳದೆ ಮಾಡಿದ ಪರೀಕ್ಷೆ ಉತ್ತರಕ್ಕಿಂತ ಜಾಸ್ತಿ ಗೊಂದಲ ಕೊಡುತ್ತೆ. ಈ ವರದಿಯಲ್ಲಂತೂ ಎಳ್ಳೇ ಇರಲಿಲ್ಲ. ಕೇಳದ ಪ್ರಶ್ನೆಗೆ ಲ್ಯಾಬು ಉತ್ತರ ಕೊಡೋದು ಹೇಗೆ?

ಪುಳಿಯೋಗರೆ

ಮಾರ್ಚ್‌ನಲ್ಲಿ ವೈರಮುಡಿ ಉತ್ಸವಕ್ಕೆ ಮನೆಮಂದಿಯೆಲ್ಲ ಮೇಲುಕೋಟೆಗೆ ಹೋದರು. ಬುತ್ತಿಗೆ ಅಜ್ಜಿ ಪುಳಿಯೋಗರೆ ಕಲಸಿದ್ದರು. ಮಗು ಕೈ ಚಾಚಿತು. ಒಂದು ತುತ್ತಿನಷ್ಟು ಅನ್ನ ತೆಗೆದು, ಕಡಲೆಬೀಜ ಒಂದೊಂದಾಗಿ ಆಯ್ದು, ಖಾರ ಹೋಗಲಿ ಅಂತ ಬಿಸಿನೀರು ಚಿಮುಕಿಸಿ ಹಿಸುಕಿ, ನಾಲ್ಕೈದು ಅಗುಳು ಬಾಯಿಗಿಟ್ಟರು. ಐದು ನಿಮಿಷಕ್ಕೆ ತುಟಿ ಊದಿತು. ದದ್ದು, ಕೆಮ್ಮು, ಧ್ವನಿ ಒಡೆದ ಹಾಗೆ ಅಳು. ಈ ಸಲ ದಾರಿಯಲ್ಲಿ ಸಿಕ್ಕ ಆಸ್ಪತ್ರೆಯ ವೈದ್ಯರು ಮಗುವನ್ನು ನೋಡಿದ ತಕ್ಷಣ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಕೆಲವೇ ನಿಮಿಷದಲ್ಲಿ ಕೆಮ್ಮು ನಿಂತಿತು. ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡು, ಅಲರ್ಜಿ ತಜ್ಞರಿಗೆ ತೋರಿಸಿ ಅಂತ ಚೀಟಿ ಬರೆದು ಕಳಿಸಿದರು.

ಮನೆಗೆ ಬಂದ ಮೇಲೆ ಪಟ್ಟಿಗೆ ಹುಣಸೆಹಣ್ಣು ಸೇರಿತು. ಅದೇ ಬೇರೆ ಪೆನ್ನಿನ ಸಾಲು.

ನನ್ನ ಮುಂದೆ ಇದನ್ನೆಲ್ಲ ಹೇಳುವಾಗ ಅಜ್ಜಿಗೆ ತಡೆಯಲಾಗದ ಬೇಜಾರು. "ಕಡ್ಲೆಬೀಜ ಒಂದೂ ಬುಡ್ದಂಗೆ ಆಯ್ದಾಕಿದೀನಿ ಕಣಮ್ಮ, ಕಣ್ಣಲ್ಲಿ ಕಣ್ಣಿಟ್ಟು" ಅಂದರು. ಅವರ ಮೇಲೆ ಎಲ್ಲರ ಅನುಮಾನ ಇತ್ತು. ಒಂದಾದರೂ ಉಳಿದಿರಬೇಕು ಅಂತ ಮಗ ಅಂದಿದ್ದರಂತೆ.

ನಾನು ತಾಯಿಗೆ ಕೇಳಿದ್ದು ಇಷ್ಟೇ: ಆರು ತಿಂಗಳಿಂದ ಹತ್ತು ತಿಂಗಳವರೆಗೆ ಮಗು ಏನೇನು ತಿಂದು ಸುಮ್ಮನಿತ್ತು? ಅವರು ಫೋನಿನಲ್ಲಿ ರಾಗಿ ಸರಿ ಡಬ್ಬದ ಫೋಟೋ ತೋರಿಸಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು, ಎಲ್ಲದಕ್ಕೂ ಚೀಟಿ ಅಂಟಿಸೋ ಅಭ್ಯಾಸ. ಚೀಟಿಯಲ್ಲಿ ಇದ್ದದ್ದು: ಮೊಳಕೆ ರಾಗಿ, ಗೋಧಿ, ಹೆಸರುಕಾಳು, ಹುರಿಗಡಲೆ, ಕಡಲೆಬೀಜ, ಬಾದಾಮಿ, ಗೋಡಂಬಿ. ಸರಿಯನ್ನು ಹಾಲಲ್ಲಿ ಕಾಯಿಸುತ್ತಿದ್ದರು. ದಿನಕ್ಕೆ ಎರಡು ಸಲ, ನಾಲ್ಕು ತಿಂಗಳು. ಒಂದು ದದ್ದು ಇಲ್ಲ, ಒಂದು ವಾಂತಿ ಇಲ್ಲ.

ಅಲ್ಲಿಗೆ ಕಡಲೆಬೀಜದ ಮೇಲಿದ್ದ ಅಪವಾದ ಅರ್ಧ ಕಳಚಿತು. ಹಾಲು, ಗೋಧಿ, ಬಾದಾಮಿ, ಗೋಡಂಬಿ, ಹುರಿಗಡಲೆಯದ್ದೂ ಅಷ್ಟೇ. ಬೆಲ್ಲ ಸರಿಗೆ ಹಾಕುತ್ತಿದ್ದರು. ಕಾಯಿ ಚಟ್ನಿ ನೆಕ್ಕಿದ್ದ ಮಗುವಿಗೆ ಕೊಬ್ಬರಿ ಹೊಸದಲ್ಲ. ಸಾರನ್ನ ತಿನ್ನುತ್ತಿತ್ತು, ಹಾಗಾಗಿ ಹುಣಸೆಹಣ್ಣೂ ಅಲ್ಲ. ಅಜ್ಜಿಯನ್ನು ಕೇಳಿದೆ, ಗೊಜ್ಜಿಗೆ ಏನೇನು ಹಾಕಿದ್ರಿ ಅಂತ. ಅವರು ಬೆರಳು ಮಡಿಸುತ್ತಾ ಹೇಳಿದರು: ಹುಣಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿ, ಧನಿಯಾ, ಮೆಂತ್ಯ, ಮೆಣಸು, ಇಂಗು, ಒಣಕೊಬ್ಬರಿ, ಹುರಿದು ಪುಡಿ ಮಾಡಿದ ಎಳ್ಳು. ಒಗ್ಗರಣೆಗೆ ಒಳ್ಳೆಣ್ಣೆ, ಅಂದರೆ ಎಳ್ಳೆಣ್ಣೆ. ಎಳ್ಳು ಅಂದಾಗ ತಾಯಿ ತಲೆ ಎತ್ತಿ ನೋಡಿದರು. ನಾನು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಇಲ್ಲೇ ಕುಟ್ಟಾಣಿಯ ಮಾತು ಬರುತ್ತೆ. ಎಳ್ಳು ಇಡಿಯಾಗಿ ಹೊಟ್ಟೆಗೆ ಹೋದರೆ ಸಿಪ್ಪೆ ಸಮೇತ ಹಾಗೇ ಹೊರಗೆ ಬಂದುಬಿಡಬಹುದು. ಕುಟ್ಟಿದರೆ, ಅರೆದರೆ ಒಳಗಿನ ಪ್ರೋಟೀನು ಹೊರಬೀಳುತ್ತೆ. ಅದಕ್ಕೇ ಎಳ್ಳಿನ ಅಲರ್ಜಿ ಇರುವ ಕೆಲವರು ಬನ್ನಿನ ಮೇಲಿನ ನಾಲ್ಕು ಕಾಳು ತಿಂದು ಏನೂ ಆಗದೆ, ಎಳ್ಳಿನ ಪುಡಿಗೋ ಉಂಡೆಗೋ ಕುಸಿದು ಬೀಳುತ್ತಾರೆ.

ಎಣ್ಣೆ ನೀರು

ತಿಂದೇ ಇರದ ಪದಾರ್ಥಕ್ಕೆ ಮೊದಲ ಚಿಟಿಕೆಯಲ್ಲೇ ಅಲರ್ಜಿ ಬಂದದ್ದು ಹೇಗೆ? ಮೈ ಒಂದು ಪದಾರ್ಥದ ಮೇಲೆ ತಿರುಗಿಬೀಳಬೇಕಾದರೆ ಅದರ ಪರಿಚಯ ಮೊದಲೇ ಆಗಿರಬೇಕು. ಮಗುವಿಗೆ ಹುಟ್ಟಿದಾಗಿಂದ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು. ಯಾವ ಎಣ್ಣೆ? ಮರದ ಗಾಣದಲ್ಲಿ ಆಡಿಸಿದ ಒಳ್ಳೆಣ್ಣೆ. ರಿಫೈನ್ಡ್ ಬೇಡ, ಶುದ್ಧವಾದದ್ದು ಇರಲಿ ಅಂತ ತಾತ ಹುಡುಕಿ ತರುತ್ತಿದ್ದರು. ಗಾಣದ ಎಣ್ಣೆಯಲ್ಲಿ ಎಳ್ಳಿನ ಪ್ರೋಟೀನು ಉಳಿದಿರುತ್ತೆ. ಒಡೆದು ಕೆಂಪಾದ ಚರ್ಮದ ಮೇಲೆ ತಿಂಗಳುಗಟ್ಟಲೆ ಅದನ್ನು ತಿಕ್ಕಿದ್ದರು. ಬಾಯಿಗೆ ಮಾತ್ರ ಎಳ್ಳು ಹೋಗಿರಲಿಲ್ಲ, ಉಷ್ಣ ಅಂತ.

ಆಹಾರ ಬಾಯಿಯ ಮೂಲಕ ಮೊದಲು ಪರಿಚಯವಾದರೆ ಮೈ ಒಪ್ಪಿಕೊಳ್ಳುತ್ತೆ, ಕೆಟ್ಟ ಚರ್ಮದ ಮೂಲಕ ಪರಿಚಯವಾದರೆ ಶತ್ರು ಅಂದುಕೊಳ್ಳುತ್ತೆ ಅನ್ನೋ ವಾದ ಇದೆ. ಇದನ್ನು ಮುಂದಿಟ್ಟವರು ಲಂಡನ್‌ನ ವೈದ್ಯ ಗಿಡಿಯನ್ ಲ್ಯಾಕ್. ಕಡಲೆಬೀಜದ ಎಣ್ಣೆ ಇರುವ ಕ್ರೀಮುಗಳನ್ನು ಉರಿಯುತ್ತಿರುವ ಚರ್ಮಕ್ಕೆ ಹಚ್ಚಿದ ಮಕ್ಕಳಲ್ಲಿ ಕಡಲೆಬೀಜದ ಅಲರ್ಜಿ ಜಾಸ್ತಿ ಅಂತ ಬ್ರಿಟನ್‌ನಲ್ಲಿ ಅವರ ತಂಡ 2003ರಲ್ಲಿ ತೋರಿಸಿತ್ತು. ನಮ್ಮ ಮಗುವಿಗೆ ಆದದ್ದೂ ಇದೇ ಅಂತ ಸಾಬೀತು ಮಾಡೋಕೆ ದಾರಿ ಇಲ್ಲ. ಅಲರ್ಜಿ ತಜ್ಞರು ಬಲವಾದ ಅನುಮಾನ ಅಂದರು, ಅಷ್ಟೇ. ಎಣ್ಣೆ ಸ್ನಾನವನ್ನೇ ದೂರುವುದು ಬೇಡ. ಎಷ್ಟೋ ಮಕ್ಕಳು ಒಳ್ಳೆಣ್ಣೆ ಹಚ್ಚಿಸಿಕೊಂಡೇ ಬೆಳೆದಿದ್ದಾರೆ. ಆದರೆ ಎಸ್ಜಿಮಾ ಇರುವ ಚರ್ಮಕ್ಕೆ ತಿನ್ನುವ ಎಣ್ಣೆ ತಿಕ್ಕೋದನ್ನು ನಾನು ಬೇಡ ಅನ್ನುತ್ತೇನೆ.

ಪರೀಕ್ಷೆ, ಈ ಸಲ ಸರಿಯಾಗಿ

ಮೈಸೂರಿನ ಆಸ್ಪತ್ರೆಯಲ್ಲಿ ಚರ್ಮದ ಪರೀಕ್ಷೆ ಮಾಡಿದರು. ಅಲರ್ಜಿ ಸಿರಪ್ ಒಂದು ವಾರ ಮೊದಲೇ ನಿಲ್ಲಿಸಿದ್ದರು, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗುತ್ತೆ. ಬೆನ್ನ ಮೇಲೆ ಒಂದೊಂದು ಪದಾರ್ಥದ ಹನಿ ಇಟ್ಟು, ಹನಿಯ ಮೂಲಕ ಸಣ್ಣ ಮೊನೆಯಿಂದ ಮೆಲ್ಲಗೆ ಚುಚ್ಚಿ, ಹದಿನೈದು ನಿಮಿಷ ಕಾಯುತ್ತಾರೆ. 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗುಳ್ಳೆ ಎದ್ದರೆ ಲೆಕ್ಕಕ್ಕೆ. ಅರೆದ ಎಳ್ಳಿಗೆ 9 ಮಿಲಿಮೀಟರ್ ಎದ್ದಿತು. ಕಡಲೆಬೀಜ, ಹಾಲು, ಕೊಬ್ಬರಿಗೆ ಏನೂ ಇಲ್ಲ. ಗೋಧಿಗೆ ಒಂದು ಚುಕ್ಕೆ, ಲೆಕ್ಕಕ್ಕೆ ಬಾರದಷ್ಟು. ಎರಡು ಸಲ ಸ್ಪಷ್ಟವಾಗಿ ಆಗಿರುವುದರಿಂದ ಎಳ್ಳನ್ನು ತಿನ್ನಿಸಿ ನೋಡುವ ಅಗತ್ಯ ಬೀಳಲಿಲ್ಲ.

ಕಡಲೆಬೀಜವನ್ನು ಮಾತ್ರ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡಿದರು. ಕಾರಣ ಇದೆ. ಎಸ್ಜಿಮಾ ಇರುವ ಮಗು ನಿಯಮಿತವಾಗಿ ತಿನ್ನುತ್ತಿದ್ದ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿದರೆ, ಇದ್ದ ಹೊಂದಾಣಿಕೆ ತಪ್ಪಿ ನಿಜವಾದ ಅಲರ್ಜಿಯೇ ಹುಟ್ಟಬಹುದು. ಸುಳ್ಳು ಆರೋಪಕ್ಕೆ ಇರುವ ಬೆಲೆ ಇದು. ಬಾಳೆಹಣ್ಣಿನಲ್ಲಿ ಕಲಸಿದ ಕಡಲೆಬೀಜದ ಪುಡಿ, ಮೊದಲು ತುಟಿಗೆ ಸವರುವಷ್ಟು, ಆಮೇಲೆ ಅಷ್ಟಷ್ಟೇ ಜಾಸ್ತಿ, ಪ್ರತಿ ಸಲ ಕಾದು ನೋಡಿ. ಮಗು ತಟ್ಟೆ ಖಾಲಿ ಮಾಡಿ ನಿದ್ದೆ ಹೋಯಿತು. ಮೊಸರು, ಗೋಧಿಯ ಮೊದಲ ತುತ್ತೂ ಅಲ್ಲೇ ಆಯಿತು.

ಕಡಲೆಬೀಜದ ವಿಷಯದಲ್ಲಿ ಮನೆಯವರಿಗೆ ಇನ್ನೂ ಧೈರ್ಯ ಬರಲಿಲ್ಲ, ಅದು ಸಹಜ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಬೀಜ ಬೇಡ ಅಂದಿತ್ತು. 2008ರಲ್ಲಿ ಆ ಮಾತನ್ನು ಕೈಬಿಟ್ಟಿತು. 2015ರಲ್ಲಿ ಲ್ಯಾಕ್ ತಂಡದ 'ಲೀಪ್' ಅಧ್ಯಯನ ಬಂತು. ಜೋರಾದ ಎಸ್ಜಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಕಡಲೆಬೀಜ ತಿನ್ನಿಸಿದರು, ಉಳಿದವರಿಗೆ ದೂರ ಇಟ್ಟರು. ಶುರುವಿನಲ್ಲಿ ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳನ್ನು ಐದು ವರ್ಷದಲ್ಲಿ ನೋಡಿದರೆ, ದೂರ ಇಟ್ಟವರಲ್ಲಿ ಶೇ. 13.7 ಮಂದಿಗೆ ಅಲರ್ಜಿ, ತಿಂದವರಲ್ಲಿ ಶೇ. 1.9ಕ್ಕೆ. ಈ ಅಂಕಿ ಕೇಳಿದ ಮೇಲೆ ತಾಯಿ ಸರಿ ಡಬ್ಬವನ್ನು ಮತ್ತೆ ತುಂಬಿಸಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಶಿಶುಗಳಲ್ಲಿ ಅಲರ್ಜಿ ಅಂದರೆ ಸಾಮಾನ್ಯವಾಗಿ ಸಿಗೋದು ಹಸುವಿನ ಹಾಲು ಮತ್ತು ಮೊಟ್ಟೆ. ಹಾಲಿನದ್ದು ಕೆಲವು ಮಕ್ಕಳಲ್ಲಿ ನಿಧಾನಕ್ಕೆ, ಗಂಟೆಗಳೋ ದಿನವೋ ಬಿಟ್ಟು, ಮಲದಲ್ಲಿ ರಕ್ತದ ಗೆರೆಯಾಗಿ ಕಾಣಿಸುತ್ತೆ. ಆ ಬಗೆಯದ್ದು ಚರ್ಮದ ಪರೀಕ್ಷೆಗೂ ರಕ್ತದ ಐಜಿಇಗೂ ಸಿಗೋದಿಲ್ಲ. ಅದರ ದಾರಿಯೇ ಬೇರೆ, ಈ ಪ್ರಕರಣದಿಂದ ಅದಕ್ಕೆ ಉತ್ತರ ಹುಡುಕಬೇಡಿ.

ಅಡುಗೆಮನೆ

ಪಟ್ಟಿಯಲ್ಲಿದ್ದ ಹತ್ತು ಪದಾರ್ಥ ಹೋಗಿ, ಪಟ್ಟಿಯಲ್ಲೇ ಇರದಿದ್ದ ಎಳ್ಳು ಒಂದು ಉಳಿಯಿತು. ಆದರೆ ನಮ್ಮ ಕಡೆ ಆ ಒಂದನ್ನು ಬಿಡೋದು ಸುಲಭ ಅಲ್ಲ. ಪುಳಿಯೋಗರೆ, ಎಳ್ಳುಂಡೆ, ಚಿಗಳಿ ಎಲ್ಲರಿಗೂ ಗೊತ್ತು. ಚಕ್ಕುಲಿ, ನಿಪ್ಪಟ್ಟು, ಕಜ್ಜಾಯ, ಎಣ್ಣೆಗಾಯಿ ಮಸಾಲೆ, ಚಟ್ನಿಪುಡಿ, ಒಳ್ಳೆಣ್ಣೆಯ ಉಪ್ಪಿನಕಾಯಿ ಅಜ್ಜಿಗೆ ನಿಧಾನವಾಗಿ ಹೊಳೆದವು. ಬೇಕರಿಯಲ್ಲಿ ಎಳ್ಳಿಲ್ಲದ ಬನ್ನೂ ಎಳ್ಳಿನ ಬನ್ನಿನ ಟ್ರೇನಲ್ಲೇ ಕೂತಿರುತ್ತೆ. ವನಸ್ಪತಿಗೆ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸಬೇಕು ಅನ್ನೋ ನಿಯಮ ನಮ್ಮಲ್ಲಿದೆ, ತುಪ್ಪಕ್ಕೆ ಕಲಬೆರಕೆ ಮಾಡಿದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿ ಅಂತ! ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ತೀರಾ ಕಡಿಮೆ, ಆದರೂ ಈ ಮನೆಯವರು ವನಸ್ಪತಿ ಬೇಡ ಅಂದುಕೊಂಡರು. ಅದಕ್ಕೆ ನನ್ನ ಅಡ್ಡಿ ಏನಿಲ್ಲ.

ಪ್ಯಾಕೆಟ್ ಓದುವಾಗ ಒಂದು ಎಚ್ಚರಿಕೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲಿ ಕಡ್ಡಾಯವಾಗಿ ಎತ್ತಿ ಹೇಳಬೇಕಾದ ಅಲರ್ಜಿ ಪದಾರ್ಥಗಳಲ್ಲಿ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿ, ಗ್ಲೂಟನ್ ಇರುವ ಧಾನ್ಯ, ಕಡಲೆಬೀಜ, ಬಾದಾಮಿ-ಗೋಡಂಬಿಯಂಥವು, ಸೋಯಾ ಇವೆ. ಎಳ್ಳನ್ನು ಅದರಲ್ಲಿ ಸೇರಿಸಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳೂ ಕಡ್ಡಾಯ. ಇಲ್ಲಿ ಅಲರ್ಜಿ ಸಾಲು ನೋಡಿ ಸುಮ್ಮನಾಗಬಾರದು, ಪದಾರ್ಥಗಳ ಪೂರ್ತಿ ಪಟ್ಟಿ ಓದಬೇಕು. ಹುಚ್ಚೆಳ್ಳು ಬೇರೆ ಜಾತಿಯ ಗಿಡ. ಆದರೂ ಅದನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡದೆ ಕೊಡಬೇಡಿ ಅಂತ ತಜ್ಞರು ಹೇಳಿದ್ದಾರೆ.

ತಾತನ ಗಾಣದ ಎಣ್ಣೆ ಮನೆಯಿಂದ ಹೊರಗೆ ಹೋಯಿತು. ದೇವರ ದೀಪಕ್ಕೂ ಕೊಬ್ಬರಿ ಎಣ್ಣೆ ಬಂತು. ಎಸ್ಜಿಮಾಕ್ಕೆ ಸ್ನಾನ ಆದ ಕೂಡಲೇ ಹಚ್ಚುವ ಮಾಯಿಶ್ಚರೈಸರ್, ಕೆಂಪಾದ ಕಡೆ ಕೆಲವು ದಿನ ಮೆದು ಸ್ಟೀರಾಯ್ಡ್ ಮುಲಾಮು. ಸ್ಟೀರಾಯ್ಡ್ ಅನ್ನೋ ಹೆಸರಿಗೇ ಹೆದರಿ ತಾಯಿ ಬಟಾಣಿಯಷ್ಟೂ ಹಚ್ಚುತ್ತಿರಲಿಲ್ಲ. ಚರ್ಮ ಹಿಡಿತಕ್ಕೆ ಬಂದ ಮೇಲೆ ಮಗು ರಾತ್ರಿ ಕೆರೆಯೋದು ನಿಂತಿತು, ನಿದ್ದೆ ಬಂತು, ಹಸಿವೂ ಬಂತು. ಹಾಲು, ಮೊಸರು, ಸರಿ, ಮೊಟ್ಟೆ ವಾಪಸ್ ಬಂದ ಎರಡು ತಿಂಗಳಿಗೆ ತೂಕ 9 ಕಿಲೋ ಮುಟ್ಟಿತು.

ಅಡ್ರಿನಲಿನ್ ತಾನಾಗಿ ಚುಚ್ಚುವ ಪೆನ್ನು ನಮ್ಮ ಕಡೆ ಸುಲಭವಾಗಿ ಸಿಗೋದಿಲ್ಲ. ಹಾಗಾಗಿ ವೈದ್ಯರು ಆಂಪ್ಯೂಲ್ (ಮದ್ದಿನ ಪುಟ್ಟ ಗಾಜಿನ ಸೀಸೆ) ಮತ್ತು ಸಣ್ಣ ಸಿರಿಂಜ್ ಬರೆದುಕೊಟ್ಟು, ಅಪ್ಪ, ಅಮ್ಮ ಇಬ್ಬರಿಗೂ ಕೈಯಲ್ಲಿ ಮಾಡಿಸಿ ಕಲಿಸಿದರು. ಪ್ರಮಾಣ ತೂಕದ ಮೇಲೆ ಹೋಗುತ್ತೆ, ಕಿಲೋಗೆ 0.01 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಇದು ವೈದ್ಯರೇ ಲೆಕ್ಕ ಹಾಕಿ ಸಿರಿಂಜಿನ ಮೇಲೆ ಗುರುತು ತೋರಿಸಿಕೊಡಬೇಕಾದ ವಿಷಯ, ಓದಿಕೊಂಡು ಮಾಡುವಂಥದ್ದಲ್ಲ. ಚುಚ್ಚಿದ ಮೇಲೆ ಮಗುವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಾಡಬಾರದು, ಮಲಗಿಸಿಕೊಂಡೇ 108ಕ್ಕೆ ಕರೆ ಮಾಡಬೇಕು. ಅಜ್ಜಿ ಸೂಜಿ ಹಿಡಿಯಲ್ಲ ಅಂದರು. ಅವರಿಗೆ ಫೋನ್ ಮಾಡುವ ಕೆಲಸ. ವಾಂತಿ ಆದರೆ ಕಾಯಬಾರದು ಅನ್ನೋದನ್ನು ಮಾತ್ರ ಅವರ ಬಾಯಲ್ಲೇ ಎರಡು ಸಲ ಹೇಳಿಸಿದೆ.

ಹಾಲು, ಮೊಟ್ಟೆಯ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೀತಾ ಬೆಳೀತಾ ಹೋಗುತ್ತೆ. ಎಳ್ಳಿನದ್ದು ಹೋಗೋದು ನಾಲ್ಕೈದು ಮಕ್ಕಳಲ್ಲಿ ಒಬ್ಬರಿಗೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ನೋಡೋಣ ಅಂದಿದ್ದಾರೆ.

ಈಗ ಮನೆಯವರ ಮುಂದೆ ಇನ್ನೊಂದು ಪ್ರಶ್ನೆ ಇದೆ. ಮದ್ದೂರಿಗೆ ಮದುವೆ ಮಾಡಿಕೊಟ್ಟಿರುವ ಮಗುವಿನ ಸೋದರತ್ತೆಗೆ ಐದು ತಿಂಗಳ ಮಗು, ಅದರ ಕೆನ್ನೆಯೂ ಸ್ವಲ್ಪ ಒರಟು. ಅದಕ್ಕೆ ಎಳ್ಳು ಕೊಡಬೇಕೋ ಬೇಡವೋ? ವೈದ್ಯರ ಉತ್ತರ: ಮೊದಲು ಚರ್ಮ ತೋರಿಸಿ. ಎಸ್ಜಿಮಾ ಜೋರಾಗಿಲ್ಲ ಅಂದರೆ ಆರು ತಿಂಗಳು ತುಂಬಿದ ಮೇಲೆ ಬೇರೆ ಆಹಾರದ ಜೊತೆ ಎಳ್ಳನ್ನೂ ನುಣ್ಣಗೆ ಪುಡಿ ಮಾಡಿ, ಸರಿಯಲ್ಲಿ ಚಿಟಿಕೆಯಷ್ಟು, ಹಗಲು ಹೊತ್ತಿನಲ್ಲಿ ಕೊಡಿ, ಒಪ್ಪಿಕೊಂಡರೆ ವಾರದಲ್ಲಿ ಒಂದೆರಡು ಸಲ ತಪ್ಪದೆ ಮುಂದುವರಿಸಿ. ಅತ್ತೆ ಬಾಣಂತನಕ್ಕೆ ಬಂದವರು ಇನ್ನೂ ಮಂಡ್ಯದ ಮನೆಯಲ್ಲೇ ಇದ್ದಾರೆ. ಒಂದು ಮಗುವಿಗೆ ಎಳ್ಳು ತಿನ್ನಿಸಬೇಕು, ಇನ್ನೊಂದಕ್ಕೆ ಸೋಕಬಾರದು. ಎಳ್ಳಿನ ಮೊದಲ ಚಿಟಿಕೆ ಮದ್ದೂರಿಗೆ ಹೋದ ಮೇಲೇ ಅಂತ ತೀರ್ಮಾನ ಆಗಿದೆ. ಮುಂದಿನ ತಿಂಗಳು ಅವರನ್ನು ಕಳಿಸಿಕೊಡುತ್ತಾರೆ.